ಮೊದಲು ಯಾವ ಅಕ್ಕಿ ಎಂದು ಹೇಳಿ

ಬೆಳಗಿನ ತಿಂಡಿಯ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕಳೆದ ತಿಂಗಳು ಕೇಳಿಕೊಂಡಿದ್ದೆ. ಬಂದ ಪತ್ರಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಎರಡು ದಿನ ಓದಿದೆ. ಮಿಕ್ಸಿ ಎಷ್ಟು ವರ್ಷದ್ದು, ಕಾವಲಿ ಕಬ್ಬಿಣದ್ದೋ ನಾನ್‌ಸ್ಟಿಕ್ಕೋ, ಉರಿ ಎಷ್ಟಿತ್ತು ಎಂಬುದನ್ನೆಲ್ಲ ವಿವರವಾಗಿ ಬರೆದಿದ್ದೀರಿ. ಹಾಕಿದ್ದು ಯಾವ ಅಕ್ಕಿ, ಅದು ಹಳೆಯದೋ ಹೊಸದೋ ಎಂದು ಮಾತ್ರ ಹೆಚ್ಚಿನವರು ಬರೆದಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ತವರಿನಲ್ಲಿ ನಾಳೆಯ ತಿಂಡಿ ಏನು ಎಂದು ತೀರ್ಮಾನಿಸುವ ಮೊದಲು ಅಮ್ಮ ಡಬ್ಬಿಯಿಂದ ಒಂದು ಹಿಡಿ ಅಕ್ಕಿ ತೆಗೆದು, ಅದರಲ್ಲೊಂದು ಕಾಳನ್ನು ಹಲ್ಲಿಗೆ ಕೊಟ್ಟು ಕಡಿಯುತ್ತಿದ್ದರು. ಕಟ್ಟೆಂದು ಮುರಿದರೆ ಹಳೆಯ ಅಕ್ಕಿ. ಶಾವಿಗೆಗೂ ನೀರುದೋಸೆಗೂ ಆದೀತು. ಹಲ್ಲಿಗೆ ಮೆತ್ತಗೆ ಸಿಕ್ಕಿದರೆ ಹೊಸದು. ಅದು ಪಾಯಸಕ್ಕೆ, ಗಂಜಿಗೆ. ಈ ತಿಂಗಳ ಅರ್ಧಕ್ಕರ್ಧ ಪತ್ರಗಳಿಗೆ ಉತ್ತರ ಅಲ್ಲೇ ಇದೆ. ಉಳಿದರ್ಧವನ್ನು ಒಂದೊಂದಾಗಿ ನೋಡೋಣ.

ನೀರುದೋಸೆ ನನಗೆ ಒಲಿಯುತ್ತಲೇ ಇಲ್ಲ. ಒಂದು ಎದ್ದರೆ ಮುಂದಿನದು ಕಾವಲಿಗೆ ಹಿಡಿದುಕೊಳ್ಳುತ್ತದೆ. ಎದ್ದವೂ ಡಬ್ಬಿಯೊಳಗೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಸ್ವಲ್ಪ ಮೈದಾ ಸೇರಿಸಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಸೇರಿಸಬಹುದೇ?
— ಗೃಹಿಣಿ, ಹಾಸನ

ಮೈದಾ ಬೇಡ. ಮೈದಾ ಹಾಕಿದರೆ ದೋಸೆ ಏಳುತ್ತದೆ ನಿಜ, ಆದರೆ ಅದು ನೀರುದೋಸೆಯಾಗಿ ಉಳಿಯುವುದಿಲ್ಲ, ಚರ್ಮದಂತೆ ಜಗ್ಗುತ್ತದೆ. ಬಾಯಿಗಿಟ್ಟರೆ ಕರಗುವ ಆ ಮೆದುತನಕ್ಕಾಗಿಯೇ ತಾನೆ ನಾವು ಇಷ್ಟು ಕಷ್ಟಪಡುವುದು!

ನಿಮ್ಮ ಪತ್ರ ಬಂದದ್ದು ಸುಗ್ಗಿ ಮುಗಿದ ಮೇಲೆ. ಅಂಗಡಿಗಳಿಗೆ ಹೊಸ ಅಕ್ಕಿ ಬರುವ ಕಾಲ ಇದು. ಹೊಸ ಅಕ್ಕಿಯ ದೋಸೆ ಅಂಟುತ್ತದೆ, ಯಾರು ಹುಯ್ದರೂ ಅಂಟುತ್ತದೆ. ಒಂದು ವರ್ಷ ಹಳೆಯ ಸೋನಾಮಸೂರಿಯನ್ನು ಕೇಳಿ ತನ್ನಿ. ಒಂದು ಲೋಟ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ, ಎರಡು ಮೂರು ಚಮಚ ಕಾಯಿತುರಿಯೊಂದಿಗೆ ಬೆಣ್ಣೆಯಂತೆ ರುಬ್ಬಿ. ಬೆರಳುಗಳ ನಡುವೆ ತಿಕ್ಕಿದರೆ ತರಿ ಸಿಗಬಾರದು. ಆಮೇಲೆ ನೀರು ಸೇರಿಸುತ್ತಾ ಹೋಗಿ. ರುಬ್ಬಿದ ನೀರೂ ಸೇರಿ ಎರಡರಿಂದ ಎರಡೂವರೆ ಲೋಟ ಹಿಡಿಯುತ್ತದೆ. ಸೌಟಿನಿಂದ ಎತ್ತಿ ಬಿಟ್ಟರೆ ಹಾಲಿನಂತೆ ಸುರಿಯಬೇಕು. ಇದನ್ನು ಹುಳಿ ಬರಿಸುವುದಿಲ್ಲ, ರುಬ್ಬಿದ ಕೂಡಲೇ ಹುಯ್ಯುವುದು.

ಒಂದು ಎದ್ದು ಮತ್ತೊಂದು ಹಿಡಿಯುತ್ತದೆ ಎಂದಿರಿ. ಅದಕ್ಕೆ ಎರಡು ಕಾರಣ ಕಾಣುತ್ತವೆ. ಅಕ್ಕಿ ಪಾತ್ರೆಯ ತಳಕ್ಕೆ ಇಳಿಯುತ್ತದೆ. ಪ್ರತಿ ಸಲ ಸೌಟಿನಿಂದ ತಳ ಮುಟ್ಟಿ ಕಲಕದಿದ್ದರೆ ಮೊದಲ ದೋಸೆ ಬರೀ ನೀರು, ಕೊನೆಯದು ಅಂಬಲಿ. ಇನ್ನೊಂದು, ಒಂದು ದೋಸೆ ಹುಯ್ದ ಮೇಲೆ ಕಾವಲಿಯ ಕಾವು ಇಳಿದಿರುತ್ತದೆ. ಅದು ಮತ್ತೆ ಏರುವವರೆಗೆ ಕಾಯಿರಿ. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಒರೆಸಿ, ಕಾವಲಿಯ ಅಂಚಿನಿಂದ ನಡುವಿಗೆ ಹುಯ್ಯುತ್ತಾ ಬನ್ನಿ. ಚೊಂಯ್ ಎಂದು ಸದ್ದಾಗಿ ತುಂಬ ಸಣ್ಣ ತೂತುಗಳು ಮೂಡಬೇಕು. ಸದ್ದು ಬರದಿದ್ದರೆ ಅದು ಏಳುವುದಿಲ್ಲ. ಮುಚ್ಚಿ ಒಂದು ನಿಮಿಷ, ಅಷ್ಟೇ, ಮಗುಚುವುದು ಬೇಡ. ಬಿಸಿಯಾಗಿದ್ದಾಗ ಒಂದರ ಮೇಲೊಂದು ಹೇರಬೇಡಿ. ಮೊರದ ಮೇಲೆ ಬಾಳೆಲೆ ಹಾಸಿ, ಬಿಡಿಬಿಡಿಯಾಗಿ ಹರಡಿ ಆರಿದ ಮೇಲೆ ನಾಲ್ಕು ಮಡಿಕೆ ಮಾಡಿ.

ವಿಯೆಟ್ನಾಮಿನವರಿಗೂ ಇಂಥದ್ದೊಂದು ಬೆಳಗಿನ ತಿಂಡಿ ಇದೆ, ಬಾನ್ ಕುವೋನ್ ಎಂದು ಹೆಸರು. ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ತೆಳ್ಳಗಿನ ಅಕ್ಕಿ ಹಿಟ್ಟು ಸವರಿ, ಮುಚ್ಚಿ ಹಬೆಯಲ್ಲಿ ಬೇಯಿಸಿ, ಬಿದಿರಿನ ಕಡ್ಡಿಯಿಂದ ಎತ್ತುತ್ತಾರೆ. ಕಾವಲಿಗೆ ಅಂಟುವ ಚಿಂತೆಯೇ ಇಲ್ಲ. ಆದರೆ ನಮ್ಮದರ ತೂತುಗಳು ಅದಕ್ಕೆ ಬರುವುದಿಲ್ಲ, ಕಾಯಿಬೆಲ್ಲದ ರಸ ಹೀರುವುದು ಆ ತೂತುಗಳೇ.

ಇಲ್ಲಿ ಹೊರಗೆ ಮೈನಸ್ ಇಪ್ಪತ್ತು ಡಿಗ್ರಿ ಇದೆ. ಇಡ್ಲಿ ಹಿಟ್ಟು ಎರಡು ದಿನವಾದರೂ ಉಬ್ಬುವುದಿಲ್ಲ. ಸೋಡಾ ಅಥವಾ ಬ್ರೆಡ್ಡಿನ ಯೀಸ್ಟ್ ಹಾಕುವುದೊಂದೇ ದಾರಿಯೇ?
— ಕನ್ನಡಿಗರೊಬ್ಬರು, ಕ್ಯಾಲ್ಗರಿ, ಕೆನಡಾ

ಬೇಡ, ದಯವಿಟ್ಟು ಬೇಡ. ಯೀಸ್ಟ್ ಹಾಕಿದ ಇಡ್ಲಿಗೆ ಬ್ರೆಡ್ಡಿನ ವಾಸನೆ ಬರುತ್ತದೆ. ಸೋಡಾ ಹಾಕಿದ್ದಕ್ಕೆ ಹುಳಿಯೇ ಇರುವುದಿಲ್ಲ. ಹುಳಿಯಿಲ್ಲದ ಇಡ್ಲಿಗೆ ಚಟ್ನಿ ಹೊಂದುವುದಿಲ್ಲ.

ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳು ಉದ್ದಿನಬೇಳೆ ಮತ್ತು ಅಕ್ಕಿಯ ಮೇಲೆಯೇ ಇರುತ್ತವೆ. ಅವುಗಳಿಗೆ ಬೇಕಾದದ್ದು ಸುಮಾರು ಇಪ್ಪತ್ತೆಂಟು ಮೂವತ್ತು ಡಿಗ್ರಿಯ ಬೆಚ್ಚಗಿನ ಜಾಗ. ನಿಮ್ಮ ಓವನ್ನಿನ ಬೆಂಕಿ ಹೊತ್ತಿಸದೆ ಒಳಗಿನ ದೀಪವನ್ನು ಮಾತ್ರ ಉರಿಸಿ, ಹಿಟ್ಟಿನ ಪಾತ್ರೆಯನ್ನು ಅದರೊಳಗೆ ಇಡಿ. ಹನ್ನೆರಡರಿಂದ ಹದಿನಾರು ಗಂಟೆ ಸಾಕು. ನನ್ನ ತಂಗಿಯ ಮಗ ಅಷ್ಟೇ ಚಳಿಯ ಊರಿನಲ್ಲಿದ್ದಾನೆ, ಅವನ ಮನೆಯಲ್ಲಿ ಹೀಗೆಯೇ ನಡೆಯುತ್ತಿದೆ. ಯಾರಾದರೂ ಮರೆತು ಓವನ್ ಹಚ್ಚಿಬಿಡದಂತೆ ಅದರ ಗುಂಡಿಯ ಮೇಲೆ ಒಂದು ಚೀಟಿ ಅಂಟಿಸಿ.

ಇನ್ನು ಹಿಟ್ಟು. ಸಿಪ್ಪೆ ತೆಗೆದ ಇಡೀ ಉದ್ದನ್ನು ಕೊಳ್ಳಿ. ಬಿಳಿ ಮಾಸಿ ಹಳದಿಗೆ ತಿರುಗಿದ ಹಳೆಯ ಬೇಳೆ ಎಷ್ಟು ರುಬ್ಬಿದರೂ ಉಬ್ಬುವುದಿಲ್ಲ. ಅಕ್ಕಿ ಹಳೆಯದಿರಲಿ, ಉದ್ದು ಹೊಸದಿರಲಿ ಎಂದು ನಾನು ಹೇಳುವುದು ಇದಕ್ಕೇ. ಒಂದು ಲೋಟ ಉದ್ದಿಗೆ ಅರ್ಧ ಚಮಚ ಮೆಂತ್ಯ ಸೇರಿಸಿ ನೆನೆಸಿ, ತಣ್ಣೀರು ಚಿಮುಕಿಸುತ್ತಾ ರುಬ್ಬಿ. ಮಿಕ್ಸಿ ಬಿಸಿಯಾದರೆ ನಡುನಡುವೆ ನಿಲ್ಲಿಸಿ. ರುಬ್ಬಿದ ಉದ್ದಿನ ಒಂದು ಹನಿಯನ್ನು ಬಟ್ಟಲು ನೀರಿಗೆ ಬಿಟ್ಟು ನೋಡಿ: ತೇಲಿದರೆ ಆಯಿತು, ಮುಳುಗಿದರೆ ಇನ್ನೂ ರುಬ್ಬಬೇಕು. ಉದ್ದಿನ ಲೋಳೆಯೇ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು. ಆಮೇಲೆ ಎರಡೂವರೆ ಲೋಟ ಇಡ್ಲಿ ರವೆಯನ್ನು ತೊಳೆದು ಹಿಂಡಿ ಸೇರಿಸಿ, ಅಂಗೈಯಲ್ಲಿ ಚೆನ್ನಾಗಿ ಕಲಸಿ. ಉಬ್ಬಿದ ಮೇಲೆ ಮತ್ತೆ ಕಲಕಬೇಡಿ. ಮೇಲಿನಿಂದ ಹಗುರವಾಗಿ ತೆಗೆದು ತಟ್ಟೆಗೆ ಹಾಕಿ. ಅಷ್ಟು ಹೊತ್ತು ಕಾದು ಹಿಡಿದಿಟ್ಟ ಗಾಳಿಯನ್ನು ಸೌಟಿನಿಂದ ಬಡಿದು ಹೊರಗೆ ಹಾಕಿಬಿಡುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಡ್ಲಿ ಇಂಡೋನೇಷ್ಯಾದಿಂದ ಬಂದದ್ದು ಎಂದು ಎಲ್ಲೋ ಓದಿದೆ. ನಿಜವೇ?
— ವಿದ್ಯಾರ್ಥಿನಿ, ಚಿತ್ರದುರ್ಗ

ಅದು ಆಹಾರ ಇತಿಹಾಸಕಾರ ಕೆ. ಟಿ. ಅಚ್ಚಯ್ಯ ಅವರು ಮಾಡಿದ ಊಹೆ. ಹುದುಗು ಬರಿಸುವ ಪದ್ಧತಿ ಇಂಡೋನೇಷ್ಯಾದಲ್ಲಿ ಬಲವಾಗಿದೆ ಎಂಬುದು ಅದಕ್ಕೆ ಒಂದು ಆಧಾರ. ಊಹೆಯನ್ನು ಊಹೆಯೆಂದೇ ಇಟ್ಟುಕೊಳ್ಳೋಣ. ಹೆಸರಂತೂ ನಮ್ಮಲ್ಲಿ ಬಹಳ ಹಳೆಯದು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಇದೆ. ಸುಮಾರು 1025ರ ಲೋಕೋಪಕಾರದಲ್ಲಿ ಎರಡನೆಯ ಚಾವುಂಡರಾಯ ಅದನ್ನು ಮಾಡುವ ಬಗೆಯನ್ನೇ ಹೇಳಿದ್ದಾನೆ: ಮಜ್ಜಿಗೆಯಲ್ಲಿ ನೆನೆಸಿದ ಉದ್ದು, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು. ಗಮನಿಸಿ, ಅಕ್ಕಿ ಇಲ್ಲ! ನಾವು ಇಂದು ತಿನ್ನುವ ಇಡ್ಲಿಯ ಮುಕ್ಕಾಲು ಪಾಲು ಅಕ್ಕಿಯೇ. ಅದು ಅದರೊಳಗೆ ಸೇರಿಕೊಂಡದ್ದು ಆಮೇಲೆ.

ಮಗನ ಮನೆಯಲ್ಲಿ ಇದ್ದೇನೆ. ಮೊಮ್ಮಗನಿಗೆ ಇಲ್ಲಿಯ ಚೀನೀ ಗಂಜಿಯ ರುಚಿ ಹತ್ತಿದೆ. ನಾನು ಊರಿನಿಂದ ತಂದ ಕುಚ್ಚಲಕ್ಕಿಯಲ್ಲಿ ಮಾಡಿದರೆ ಅವನು “ಅಜ್ಜಿ, ಇದು ಹಾಗಿಲ್ಲ” ಎನ್ನುತ್ತಾನೆ. ಮೂರು ಗಂಟೆ ಬೇಯಿಸಿದರೂ ಕಾಳು ಕರಗುವುದಿಲ್ಲ. ಅವರು ಏನು ಹಾಕುತ್ತಾರೆ?
— ಕುಂದಾಪುರದ ಅಜ್ಜಿ, ಸದ್ಯ ಸಿಂಗಪುರ

ನಿಮ್ಮ ಪತ್ರವನ್ನು ಓದಿ ಬಹಳ ಹೊತ್ತು ಹಾಗೆಯೇ ಕುಳಿತಿದ್ದೆ. ಮಗಳ ಬಾಣಂತನಕ್ಕೆಂದು ನಾನೂ ಮೂರು ತಿಂಗಳು ಸಿಂಗಪುರದ ತೋವಾ ಪಾಯೋ ಬಡಾವಣೆಯಲ್ಲಿ ಇದ್ದವಳು. ನಮ್ಮ ಬಾಗಿಲಿಗೆ ಎದುರಾಗಿ ಒಬ್ಬ ಕ್ಯಾಂಟನೀಸ್ ಅಜ್ಜಿ ಇದ್ದರು. ಅವರಿಗೆ ಕನ್ನಡ ಬಾರದು, ನನಗೆ ಅವರ ಮಾತು ಬಾರದು. ಮಗಳು ಹೆರಿಗೆಯಾಗಿ ಬಂದ ಮೂರನೆಯ ದಿನ ಅವರು ಒಂದು ಮುಚ್ಚಿದ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತರು. ನಾವು ಮಾಂಸ ತಿನ್ನುವುದಿಲ್ಲ ಎಂದು ಅಳಿಯನಿಂದ ತಿಳಿದುಕೊಂಡು, ಬರೀ ಅಕ್ಕಿ, ಉಪ್ಪು, ಶುಂಠಿ ಹಾಕಿ ಮಾಡಿದ ಬಿಳಿಯ ಗಂಜಿ. ಅವರು ಅದನ್ನು ಜುಕ್ ಎನ್ನುತ್ತಾರೆ. ಬಾಣಂತಿಯ ಮನೆಗೆ ಗಂಜಿ ತರುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುದಿನ ಅವರ ಅಡುಗೆಮನೆಗೆ ಹೋಗಿ ನಿಂತೆ. ಅವರು ಅಕ್ಕಿಯನ್ನು ತೊಳೆದು ನೀರು ಬಸಿದು, ಚಿಟಿಕೆ ಉಪ್ಪು, ಅರ್ಧ ಚಮಚ ಎಣ್ಣೆ ಹಾಕಿ ಬೆರಳ ತುದಿಯಿಂದ ತಿಕ್ಕಿದರು. ಅರ್ಧ ಗಂಟೆ ಹಾಗೇ ಬಿಟ್ಟರು. ಒಂದು ಲೋಟ ಅಕ್ಕಿಗೆ ಹತ್ತು ಲೋಟ ನೀರು. ನೀರು ಕೊತಕೊತ ಕುದಿದ ಮೇಲೆಯೇ ಅಕ್ಕಿ ಹಾಕಿದ್ದು. ತಣ್ಣೀರಿಗೆ ಹಾಕಿದರೆ ತಳ ಹಿಡಿಯುತ್ತದೆ. ಆಮೇಲೆ ಉರಿ ಇಳಿಸಿ ಒಂದೂವರೆ ಗಂಟೆ, ಆಗಾಗ ಸೌಟು ಆಡಿಸುತ್ತಾ. ಕಾಳು ಮೊದಲು ಹೂವಿನಂತೆ ಅರಳಿತು, ಆಮೇಲೆ ಅಂಚು ಕಳೆದುಕೊಂಡಿತು, ಕೊನೆಗೆ ಇಲ್ಲವಾಯಿತು. ಅವರು ಸೌಟನ್ನು ಎತ್ತಿ ಓರೆ ಮಾಡಿ ನನಗೆ ತೋರಿಸಿದರು: ನೀರು ಒಂದು ಕಡೆ, ಅಕ್ಕಿ ಒಂದು ಕಡೆ ಬೀಳದೆ, ಎರಡೂ ಒಂದೇ ಧಾರೆಯಾಗಿ ಇಳಿಯಿತು. ಮೇಲೆ ಕೂದಲೆಳೆಯಂತೆ ಹೆಚ್ಚಿದ ಶುಂಠಿ, ಈರುಳ್ಳಿ ಹೂವಿನ ಸೊಪ್ಪು, ಬಿಳಿ ಮೆಣಸಿನ ಪುಡಿ, ನಾಲ್ಕು ಹನಿ ಎಳ್ಳೆಣ್ಣೆ. ಜೊತೆಗೆ ಅದ್ದಿಕೊಂಡು ತಿನ್ನಲು ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕೋಲು.

ಈಗ ನಿಮ್ಮ ಕುಚ್ಚಲಕ್ಕಿಯ ಮಾತು. ನಮ್ಮವರು ಭತ್ತವನ್ನು ಹೊಟ್ಟಿನೊಳಗೆಯೇ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಾರೆ. ಕಾಳಿನ ಪಿಷ್ಟ ಒಮ್ಮೆ ಬೆಂದು ಮತ್ತೆ ಬಿಗಿದುಕೊಂಡಿರುತ್ತದೆ. ಆದ್ದರಿಂದ ಎಷ್ಟು ಬೇಯಿಸಿದರೂ ಅದು ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಕುಚ್ಚಲಕ್ಕಿಯ ಗಂಜಿಯ ಹೆಚ್ಚುಗಾರಿಕೆಯೇ ಅದು: ಕೆಳಗೆ ದಪ್ಪ ಕಾಳು, ಮೇಲೆ ತಿಳಿ. ಮೊಮ್ಮಗನಿಗೆ ಬೇಕಾದದ್ದಕ್ಕೆ ಭತ್ತವನ್ನು ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಯೇ ಆಗಬೇಕು. ಅಲ್ಲಿ ಸಿಗುವ ಥಾಯ್ಲೆಂಡಿನ ಮಲ್ಲಿಗೆ ಅಕ್ಕಿ ಚೆನ್ನಾಗಿ ಒದಗುತ್ತದೆ. ಈ ಗಂಜಿಗೆ ಹೊಸ ಅಕ್ಕಿಯಿದ್ದರೆ ಇನ್ನೂ ಒಳ್ಳೆಯದು. ದೋಸೆಗೆ ಬೇಡವಾದ ಅದರ ಅಂಟು ಇಲ್ಲಿ ಬೇಕಾಗುತ್ತದೆ. ಬೆಳಿಗ್ಗೆ ಶಾಲೆಯ ಅವಸರವಿದ್ದರೆ, ಅರ್ಧ ಗಂಟೆ ನೆನೆಸಿದ ಅಕ್ಕಿಯನ್ನು ನೀರು ಬಸಿದು ರಾತ್ರಿಯೇ ಫ್ರೀಜರಿನಲ್ಲಿ ಇಡಿ. ಕಾಳಿನೊಳಗಿನ ನೀರು ಹೆಪ್ಪುಗಟ್ಟಿ ಬಿರುಕು ಬಿಟ್ಟಿರುತ್ತದೆ. ಬೆಳಿಗ್ಗೆ ಕುದಿಯುವ ನೀರಿಗೆ ಹಾಕಿದರೆ ಅರ್ಧ ಗಂಟೆಯೊಳಗೆ ಅರಳಿ ಒಡೆಯುತ್ತದೆ.

ನಿಮ್ಮ ಗಂಜಿಗೆ ಸಿಂಗಪುರದಲ್ಲಿ ನೆಂಟರಿಲ್ಲ ಎಂದುಕೊಳ್ಳಬೇಡಿ. ಟಿಯೋಚ್ಯೂ ಮಾತನಾಡುವ ಚೀನೀಯರ ಗಂಜಿ ಕ್ಯಾಂಟನೀಸರದರಂತೆ ಕರಗಿದ್ದಲ್ಲ. ಕಾಳು ಬಿಡಿಯಾಗಿ ತಿಳಿಯಲ್ಲಿ ನಿಂತಿರುತ್ತದೆ. ಪಕ್ಕಕ್ಕೆ ಉಪ್ಪಿನಲ್ಲಿ ಹಾಕಿಟ್ಟ ಸಾಸಿವೆ ಸೊಪ್ಪು, ಉಪ್ಪುಮೊಟ್ಟೆ, ಮೀನು. ನಾವು ಮಾವಿನ ಮಿಡಿ, ಸುಟ್ಟ ಹಪ್ಪಳ, ಹುರುಳಿ ಚಟ್ನಿ ಇಟ್ಟುಕೊಳ್ಳುವುದೂ ಅದೇ ಲೆಕ್ಕದಲ್ಲಿ. ಮೊಮ್ಮಗನನ್ನು ಒಮ್ಮೆ ಅಂಥ ಅಂಗಡಿಗೆ ಕರೆದುಕೊಂಡು ಹೋಗಿ, ಅಜ್ಜಿಯ ಗಂಜಿ ಯಾವ ಬಗೆಯದು ಎಂದು ಅವನಿಗೆ ಅಲ್ಲಿ ತಿಳಿಯುತ್ತದೆ. ಇಂಗ್ಲಿಷಿನವರು ಈ ಎಲ್ಲ ಗಂಜಿಗಳಿಗೂ ಇಟ್ಟಿರುವ ‘ಕಾಂಜಿ’ ಎಂಬ ಹೆಸರು ತಮಿಳಿನ ಕಂಜಿಯಿಂದ ಹೋದದ್ದು, ನಮ್ಮ ಗಂಜಿಯ ಒಡಹುಟ್ಟು. ಜಪಾನಿನವರು ಜನವರಿ 7ರಂದು ಏಳು ಬಗೆಯ ಎಳೆಯ ಸೊಪ್ಪು ಹಾಕಿ ಗಂಜಿ ಮಾಡಿ ಉಣ್ಣುತ್ತಾರೆ, ಹೊಸ ವರ್ಷದ ಭಾರೀ ಊಟಗಳಾದ ಮೇಲೆ ಹೊಟ್ಟೆಗೆ ಹಗುರವಾಗಲೆಂದು.

ನಾನು ಊರಿಗೆ ಹೊರಡುವ ಹಿಂದಿನ ದಿನ ಎದುರು ಮನೆಯ ಆ ಅಜ್ಜಿಗೆ ನಮ್ಮ ಕುಚ್ಚಲಕ್ಕಿ ಗಂಜಿ ಮಾಡಿ ಕೊಟ್ಟಿದ್ದೆ, ಮೇಲೊಂದು ಚಮಚ ತುಪ್ಪ, ಬದಿಗೆ ಮಿಡಿ. ಅವರು ಒಂದು ಕೆಂಪು ಕಾಳನ್ನು ಬೆರಳಲ್ಲಿ ಎತ್ತಿ, ಒತ್ತಿ, ಅದು ಒಡೆಯದೇ ಇದ್ದದ್ದನ್ನು ನೋಡಿ ನನ್ನ ಮುಖ ನೋಡಿದರು. ಆಮೇಲೆ ಬೋಗುಣಿಯನ್ನು ಪೂರ್ತಿ ಖಾಲಿ ಮಾಡಿದರು, ಮಿಡಿಯನ್ನೂ ಚೀಪಿ.

ಹುಟ್ಟೂರು ಪುತ್ತೂರು. ಅಷ್ಟಮಿಗೆ ಎಲೆಯ ಕೊಳವೆಯಲ್ಲಿ ಹಿಟ್ಟು ಹುಯ್ದು ಬೇಯಿಸುವ ಮೂಡೆ ಮಾಡಬೇಕೆಂದು ಆಸೆ. ಬೆಂಗಳೂರಿನಲ್ಲಿ ಎಲೆ ಎಲ್ಲಿಂದ ತರಲಿ? ಸ್ಟೀಲ್ ಲೋಟದಲ್ಲಿ ಬೇಯಿಸಿದರೆ ಆಗದೇ?
— ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಲೋಟದಲ್ಲಿ ಬೇಯುತ್ತದೆ, ಹೊಟ್ಟೆಯೂ ತುಂಬುತ್ತದೆ. ಆದರೆ ಮೂಡೆಯ ಅರ್ಧ ರುಚಿ ಎಲೆಯದು. ಮೂಡೆಯ ಮುಳ್ಳಿನ ಎಲೆ ಕೇದಗೆಯ ಜಾತಿಯದು. ಮಲೇಷ್ಯಾದವರು ಬೆಳಗಿನ ನಾಸಿ ಲೆಮಾಕ್ ಅನ್ನಕ್ಕೆ ತೆಂಗಿನಹಾಲಿನ ಜೊತೆ ಗಂಟು ಕಟ್ಟಿ ಹಾಕುವ ಪಾಂಡನ್ ಎಲೆಯೂ ಅದೇ ಕುಲದ್ದು. ಆದರೆ ಪಾಂಡನ್ನಿನ ಪರಿಮಳ ಬಾಸುಮತಿಯನ್ನು ಹೋಲುತ್ತದೆ, ಮೂಡೆಯದು ಬೇರೆ. ಅದನ್ನು ತಂದು ಇದಕ್ಕೆ ಬದಲಿ ಮಾಡಬೇಡಿ.

ಬೆಂಗಳೂರಿನಲ್ಲಿ ಹಲಸಿನ ಮರಕ್ಕೆ ಬರವಿಲ್ಲ. ಕೊಟ್ಟೆ ಕಡುಬು ಮಾಡಿ. ತೀರ ಎಳೆಯದೂ ಅಲ್ಲದ, ಮಡಿಸಿದರೆ ಮುರಿಯುವಷ್ಟು ಬಲಿತದ್ದೂ ಅಲ್ಲದ ನಾಲ್ಕು ಎಲೆಗಳನ್ನು ತೊಟ್ಟು ಹೊರಗೆ ಬರುವಂತೆ ಕೂಡಿಸಿ, ತೆಂಗಿನ ಗರಿಯ ಕಡ್ಡಿಯಿಂದ ಹೊಲಿದರೆ ಬಟ್ಟಲಾಯಿತು. ಮೊದಲ ನಾಲ್ಕು ಸೋರುತ್ತವೆ, ಐದನೆಯದು ನಿಲ್ಲುತ್ತದೆ. ಒಂದು ಪಾಲು ಉದ್ದು ನುಣ್ಣಗೆ, ಎರಡು ಪಾಲು ಬೆಳ್ತಿಗೆ ಅಕ್ಕಿ ಸ್ವಲ್ಪ ತರಿಯಾಗಿ. ರಾತ್ರಿ ಉಬ್ಬಿದ ಹಿಟ್ಟನ್ನು ಮುಕ್ಕಾಲು ಬಟ್ಟಲು ಮಾತ್ರ ಹುಯ್ದು ಮುಕ್ಕಾಲು ಗಂಟೆ ಹಬೆಯಲ್ಲಿಡಿ. ಎಲೆ ಹಸಿರು ಬಿಟ್ಟು ಕಂದುಬಣ್ಣಕ್ಕೆ ತಿರುಗಿರಬೇಕು.

ನಮ್ಮ ಮನೆಯ ಸುಸಲಾ ಯಾವಾಗಲೂ ಮುದ್ದೆ.
— ಓದುಗರು, ಧಾರವಾಡ

ಚುರುಮುರಿಯನ್ನು ನೀರಿನಲ್ಲಿ ನೆನೆಸಿಡಬೇಡಿ. ಹರಿಯುವ ನೀರಿನಡಿ ಒಮ್ಮೆ ತೋಯಿಸಿ, ಕೂಡಲೇ ಎರಡೂ ಅಂಗೈಯಲ್ಲಿ ಹಗುರವಾಗಿ ಹಿಂಡಿ ತೆಗೆಯಿರಿ. ಗರಿಗರಿ ಹೋಗಬೇಕು, ಕಾಳು ಕಾಳಾಗಿ ಉಳಿಯಬೇಕು. ಒಗ್ಗರಣೆ ಇಳಿಸಿದ ಮೇಲೆ ಚುರುಮುರಿ ಹಾಕಿ, ಪುಟಾಣಿ ಪುಡಿಯನ್ನು ಕೊನೆಗೆ ಉದುರಿಸಿ. ಉಳಿದ ನೀರನ್ನು ಆ ಪುಡಿಯೇ ಹೀರಿಕೊಳ್ಳುತ್ತದೆ. ತೆಳುವಾದ ಚುರುಮುರಿ ಇದಕ್ಕೆ ನಿಲ್ಲುವುದಿಲ್ಲ, ಗಟ್ಟಿಯಾದದ್ದನ್ನೇ ಆರಿಸಿ.

ಪಾಪುಟ್ಟು ಮಾಡಿದರೆ ಮೇಲೆ ಒಣಗಿ ಬಿರಿಯುತ್ತದೆ, ಅಡಿಯಲ್ಲಿ ಹಸಿ ಇರುತ್ತದೆ.
— ಹೊಸ ಸೊಸೆ, ಗೋಣಿಕೊಪ್ಪ

ತರಿ ನೆಂದಿಲ್ಲ. ಒಂದು ಲೋಟ ಅಕ್ಕಿ ತರಿಗೆ ಹಾಲು, ನೀರು ಸೇರಿ ಎರಡೂವರೆ ಲೋಟ. ಕಾಯಿತುರಿ, ಉಪ್ಪು, ಚೂರು ಸಕ್ಕರೆ ಬೆರೆಸಿ ಅರ್ಧ ಗಂಟೆಯಾದರೂ ಬಿಡಿ. ಹಬೆಗೆ ಇಡುವ ಮುನ್ನ ತಟ್ಟೆಯಲ್ಲಿ ಮತ್ತೊಮ್ಮೆ ಕಲಕಿ, ಇಲ್ಲದಿದ್ದರೆ ತರಿಯೆಲ್ಲ ಅಡಿಗೆ, ಹಾಲೆಲ್ಲ ಮೇಲಕ್ಕೆ. ಅತ್ತೆಯವರನ್ನು ಒಮ್ಮೆ ಕೇಳಿ ನೋಡಿ. ತರಿ ಎಷ್ಟು ದಪ್ಪವಿರಬೇಕೆಂದು ಬೆರಳಿನಿಂದ ಹೇಳಬಲ್ಲವರು ಅವರು, ನಾನಲ್ಲ.

ನಾನು ಸಾಗರದವನು, ಮೈಸೂರಿನಲ್ಲಿ ಕೆಲಸ, ಒಬ್ಬನೇ ಇದ್ದೇನೆ. ಅಜ್ಜಿ ತೀರಿಕೊಂಡ ಮೇಲೆ ಅವರ ಮರದ ಶಾವಿಗೆ ಒರಳನ್ನು ಯಾರೂ ಕೇಳಲಿಲ್ಲ, ನಾನು ತಂದುಕೊಂಡೆ. ಮೂರು ಸಲ ಪ್ರಯತ್ನಿಸಿದೆ. ಒಮ್ಮೆ ಎಳೆ ತುಂಡುತುಂಡಾಯಿತು. ಒಮ್ಮೆ ಒತ್ತಲಿಕ್ಕೇ ಆಗಲಿಲ್ಲ. ಇನ್ನೊಮ್ಮೆ ಅಂಟಿನ ಮುದ್ದೆಯಾಗಿ ಇಳಿಯಿತು. ಅಂಗಡಿಯ ಅಕ್ಕಿ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ ಒತ್ತಿದ್ದೆ. ಅಜ್ಜಿ ಹೇಗೆ ಮಾಡುತ್ತಿದ್ದರೋ ನೆನಪಿಲ್ಲ.
— ಯುವಕ, ಮೈಸೂರು

ಒರಳನ್ನು ತಂದುಕೊಂಡದ್ದಕ್ಕೆ ನಿಮಗೆ ಮೊದಲು ನನ್ನ ನಮಸ್ಕಾರ. ಎಷ್ಟೋ ಮನೆಗಳಲ್ಲಿ ಅದು ಹಂಡೆಯ ಒಲೆಗೆ ಸೌದೆಯಾಗಿ ಹೋಗಿದೆ.

ನೀವು ಮಾಡಿದ್ದು ಶಾವಿಗೆಯಲ್ಲ, ಇಡಿಯಪ್ಪ. ಕೇರಳ, ತಮಿಳುನಾಡಿನಲ್ಲಿ ಅಕ್ಕಿ ಹಿಟ್ಟನ್ನು ಕುದಿನೀರಿನಲ್ಲಿ ಕಲಸಿ, ಹಸಿಯಾಗಿಯೇ ಒತ್ತಿ, ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಶ್ರೀಲಂಕಾದಲ್ಲಿ ಬೆತ್ತದ ಪುಟ್ಟ ತಟ್ಟೆಗಳ ಮೇಲೆ ಒತ್ತಿ, ತೆಂಗಿನಹಾಲಿನ ಸಾರಿನೊಂದಿಗೆ ಬೆಳಿಗ್ಗೆ ತಿನ್ನುತ್ತಾರೆ. ಸಿಂಗಪುರ, ಮಲೇಷ್ಯಾದಲ್ಲಿ ಅದರ ಹೆಸರು ಪುಟು ಮಾಯಂ, ಕಾಯಿತುರಿ ಮತ್ತು ಕಂದು ಸಕ್ಕರೆ ಜೊತೆಗೆ. ಅವರ ಅಚ್ಚು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಹಿಟ್ಟೂ ಅದಕ್ಕೆ ತಕ್ಕಂತೆ ಮೆತ್ತಗೆ. ಮಲೆನಾಡಿನ ಒತ್ತು ಶಾವಿಗೆಯಲ್ಲಿ ಮೊದಲು ಬೇಯಿಸುವುದು, ಆಮೇಲೆ ಒತ್ತುವುದು. ಬೆಂದ ಉಂಡೆ ಗಟ್ಟಿ. ಅದನ್ನು ಇಳಿಸಲಿಕ್ಕೇ ಅಷ್ಟು ದಪ್ಪದ ಮರ, ಅಷ್ಟು ಉದ್ದದ ಹಿಡಿ. ನಿಮ್ಮ ಅಜ್ಜಿಯ ಒರಳಿಗೆ ಹಸಿ ಹಿಟ್ಟು ಕೊಟ್ಟರೆ ಅದು ಏನು ಮಾಡೀತು?

ಹಳೆಯ ಬೆಳ್ತಿಗೆ ಅಕ್ಕಿ ಎರಡು ಲೋಟ. ಕಾಳು ಕಡಿದು ನೋಡಿ, ಕಟ್ಟೆನ್ನಬೇಕು. ಅಂಟಿನ ಮುದ್ದೆಯಾದ ಆ ಸಲ ನಿಮ್ಮದು ಹೊಸ ಅಕ್ಕಿಯ ಹಿಟ್ಟು ಇದ್ದೀತು. ರಾತ್ರಿ ನೆನೆಸಿ, ಬೆಳಿಗ್ಗೆ ಮೂರು ಲೋಟದಷ್ಟು ನೀರಿನಲ್ಲಿ ಗಂಧದಂತೆ ರುಬ್ಬಿ. ಒಂದು ತರಿ ಉಳಿದರೂ ಅದು ಅಚ್ಚಿನ ತೂತಿನಲ್ಲಿ ಸಿಕ್ಕಿ ಅಲ್ಲಿ ಎಳೆ ಕತ್ತರಿಸುತ್ತದೆ. ದಪ್ಪ ತಳದ ಬಾಣಲೆಗೆ ಹುಯ್ದು ಉಪ್ಪು, ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ಕೂಡಿಸಿ. ಮೊದಲು ಗಂಟುಗಂಟಾಗುತ್ತದೆ, ಹೆದರಬೇಡಿ. ತಿರುವುತ್ತಾ ಹೋದರೆ ಎಲ್ಲ ಒಂದಾಗಿ ಬಾಣಲೆ ಬಿಟ್ಟು ಬರುತ್ತದೆ. ಕೈಗೆ ನೀರು ಮುಟ್ಟಿಸಿಕೊಂಡು, ಒರಳಿನ ಬಾಯಿಗೆ ಹಿಡಿಯುವಷ್ಟು ಉದ್ದುದ್ದ ಉಂಡೆ ಕಟ್ಟಿ ಇಪ್ಪತ್ತು ನಿಮಿಷ ಹಬೆಯಲ್ಲಿಡಿ.

ಒಂದು ಉಂಡೆ ಮುರಿದು ನೋಡಿ. ಒಳಗೆಲ್ಲ ಒಂದೇ ಬಣ್ಣ, ಮಸುಕು ಗಾಜಿನಂತೆ ಕಾಣಬೇಕು. ನಡುವೆ ಸುಣ್ಣದಂಥ ಬಿಳಿ ಚುಕ್ಕೆ ಕಂಡರೆ ಬೆಂದಿಲ್ಲ. ಆ ಚುಕ್ಕೆಯೇ ಎಳೆ ತುಂಡಾಗಲು ಕಾರಣ. ಬೆಂದಿದ್ದರೆ ಒಂದೇ ಒಂದು ಉಂಡೆ ತೆಗೆದು ಒರಳಿಗೆ ಹಾಕಿ. ಉಳಿದವು ಹಬೆಯಲ್ಲೇ ಇರಲಿ, ಪಾತ್ರೆ ತೆರೆದಿಡಬೇಡಿ. ಉಂಡೆ ಆರಿದರೆ ಇಬ್ಬರು ಗಂಡಸರು ಒತ್ತಿದರೂ ಇಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಶಾವಿಗೆಯ ದಿನ ಅಪ್ಪ ತೋಟಕ್ಕೆ ಹೋಗುತ್ತಿರಲಿಲ್ಲ. ಅವರು ಹಿಡಿಯ ಮೇಲೆ ಎರಡೂ ಕೈ ಊರಿ ಭಾರ ಬಿಟ್ಟರೆ ಮರ ಒಮ್ಮೆ ಕಿರ್ರೆನ್ನುತ್ತಿತ್ತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅಚ್ಚಿನ ಅಡಿಯಲ್ಲಿ ಬಿಳಿಯ ಮೊನೆಗಳು ಮೂಡಿ, ಒಮ್ಮೆಗೇ ಎಳೆಗಳು ಇಳಿಯುತ್ತಿದ್ದವು, ಹೊಗೆಯಾಡುತ್ತಾ. ಅಮ್ಮ ಕೆಳಗೆ ಕುಳಿತು ಎಣ್ಣೆ ಸವರಿದ ಬಾಳೆಲೆಯನ್ನು ಸುತ್ತಲೂ ತಿರುಗಿಸುತ್ತಿದ್ದರು. ಅಪ್ಪನ ಭಾರ ಸಾಲದೆ ಬಂದಾಗ ಹಿಡಿಯ ತುದಿಗೆ ನಮ್ಮನ್ನು ಕೂರಿಸುತ್ತಿದ್ದರು, ಮೊದಲು ಅಣ್ಣ, ಅವನ ಹಿಂದೆ ನಾನು. ನೀವು ಒಬ್ಬರೇ ಇದ್ದೀರಿ ಎಂದಿದ್ದೀರಿ. ಇದು ಒಬ್ಬರ ಕೆಲಸವಲ್ಲ, ತಮ್ಮಾ. ಭಾನುವಾರ ಗೆಳೆಯರನ್ನು ಇಬ್ಬರನ್ನಾದರೂ ಕರೆಯಿರಿ: ಒಬ್ಬರು ಒತ್ತಲು, ಒಬ್ಬರು ಎಲೆ ತಿರುಗಿಸಲು, ಒಬ್ಬರು ಉಂಡೆ ತೆಗೆದುಕೊಡಲು.

ಕಾಯಿಹಾಲು ಇಲ್ಲದೆ ಶಾವಿಗೆ ಇಲ್ಲ. ಒಂದು ತೆಂಗಿನಕಾಯಿಯನ್ನು ತುರಿದು ರುಬ್ಬಿ ಹಿಂಡಿ ದಪ್ಪ ಹಾಲು ತೆಗೆಯಿರಿ. ಬೆಲ್ಲವನ್ನು ಬೇರೆಯಾಗಿ ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ, ಆರಿದ ಮೇಲೆ ಬೆರೆಸಿ. ಹಾಲನ್ನು ಕುದಿಸಬೇಡಿ, ಒಡೆಯುತ್ತದೆ. ಏಲಕ್ಕಿ, ಹುರಿದು ಕುಟ್ಟಿದ ಎಳ್ಳು. ಉಳಿದ ಶಾವಿಗೆಗೆ ಸಂಜೆ ಸಾಸಿವೆ, ಕರಿಬೇವು, ಹಸಿಮೆಣಸಿನ ಒಗ್ಗರಣೆ ಕೊಟ್ಟು 	ನಿಂಬೆಹುಳಿ ಹಿಂಡಿದರೆ ಮತ್ತೊಂದು ತಿಂಡಿ.

ಕೆಲಸ ಮುಗಿದ ಮೇಲೆ ಒರಳನ್ನು ಹಾಗೇ ಬಿಟ್ಟು ಮಲಗಬೇಡಿ. ಒಣಗಿದ ಹಿಟ್ಟು ಕಲ್ಲಾಗುತ್ತದೆ. ಅಚ್ಚಿನ ಭಾಗವನ್ನು ಹತ್ತು ನಿಮಿಷ ನೀರಿನಲ್ಲಿಟ್ಟು, ಹಿಡಿಸೂಡಿಯ ಕಡ್ಡಿಯಿಂದ ತೂತುಗಳನ್ನು ಒಂದೊಂದಾಗಿ ಬಿಡಿಸಿ. ಮರಕ್ಕೆ ಸೋಪು ಮುಟ್ಟಿಸಬೇಡಿ, ಬಿಸಿಲಿಗೂ ಇಡಬೇಡಿ, ಸೀಳು ಬಿಡುತ್ತದೆ. ನೆರಳಲ್ಲಿ ಎರಡು ದಿನ ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಡಿ. ಅಜ್ಜಿಯ ಸೀರೆ ಒಂದಿದ್ದರೆ ಅದೇ ಒಳ್ಳೆಯದು.